ಗಾಜಿನ ಕೋಣೆಗೊಬ್ಬ ಧರ್ಮತಾಯಿ

ಲೈಂಗಿಕ ಶೋಷಣೆಗಾಗಿ ಸಾಗಿಸಲ್ಪಟ್ಟ ಮಗುವಿನ ಹೇಳಿಕೆಯನ್ನು ಒಂದೇ ಒಂದು ಸಲ ಪಡೆಯತಕ್ಕದ್ದು, ಎರಡನೆಯ ಸಲ ಯಾರೂ ಕೇಳಕೂಡದು ಎಂಬುದು ನಮ್ಮ ದೇಶದ ಕಾನೂನು. ಒಳ್ಳೆಯ ಕಾನೂನು, ಮಾಡಿದವರ ಹೊಟ್ಟೆ ತಣ್ಣಗಿರಲಿ. ಮೊದಲೆಲ್ಲ ಪೊಲೀಸಿನವನಿಗೆ ಒಂದು ಸಲ, ಅವನ ಮೇಲಿನವನಿಗೆ ಒಂದು ಸಲ, ವೈದ್ಯರಿಗೆ, ವಕೀಲರಿಗೆ, ನ್ಯಾಯಾಧೀಶರಿಗೆ, ಟೈಪಿಸ್ಟ್ ಊಟಕ್ಕೆ ಹೋಗಿದ್ದರೆ ಅವನು ಕೈ ತೊಳೆದು ಬಂದ ಮೇಲೆ ಮತ್ತೊಂದು ಸಲ, ಹೀಗೆ ಒಂದು ಮಗು ಒಂಬತ್ತು ಸಲ ಅದೇ ನರಕವನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಚಿನ್ನದ ಗಣಿಗಳಿಗೆ ಹೋಗುವ ದಾರಿಯಲ್ಲಿರುವ ಪುಯೆರ್ತೊ ಕಂದೆಲಾರಿಯಾ ಊರಿನ ಪ್ರಾಸಿಕ್ಯೂಟರ್ ಕಚೇರಿಯವರು ಈ ಕಾನೂನನ್ನು ದೇಶದಲ್ಲೇ ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಈ ಕಥೆ ನಡೆಯುವ ಮೊದಲಿನ ಎರಡು ವರ್ಷಗಳಲ್ಲಿ ಅಲ್ಲಿ ಯಾವ ಮಗುವನ್ನೂ ಎರಡು ಸಲ ಕೇಳಿರಲಿಲ್ಲ. ಒಂದು ಸಲವೂ ಕೇಳಿರಲಿಲ್ಲ.

ಕೇಳಬೇಕಾದರೆ ಅದಕ್ಕೆಂದೇ ಒಂದು ಕೋಣೆ ಬೇಕು, ಅದೂ ಕಾನೂನೇ. ಕೋಣೆಯ ನಡುವೆ ದೊಡ್ಡ ಗಾಜು. ಗಾಜಿನ ಈ ಕಡೆ ಮಗು, ಮನಃಶಾಸ್ತ್ರಜ್ಞೆ, ನಾಲ್ಕು ಆಟಿಕೆ. ಆ ಕಡೆ ಪ್ರಾಸಿಕ್ಯೂಟರ್, ನ್ಯಾಯಾಧೀಶರು, ಎದುರು ಪಕ್ಷದ ವಕೀಲರು. ಅವರಿಗೆ ಮಗು ಕಾಣಬೇಕು, ಮಗುವಿಗೆ ಅವರು ಕಾಣಬಾರದು, ಬರೀ ಕನ್ನಡಿ ಕಾಣಬೇಕು. ಮಗು ಹೆದರದೆ ಮಾತಾಡಲಿ ಎಂದು ಈ ಏರ್ಪಾಟು. ಪುಯೆರ್ತೊ ಕಂದೆಲಾರಿಯಾದಲ್ಲಿ ಈ ಕೋಣೆ ಕಟ್ಟಿ ಎರಡು ವರ್ಷವಾಗಿತ್ತು. ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ, ಯಾಕೆಂದರೆ ಕೋಣೆಗೆ ಧರ್ಮತಾಯಿ ಸಿಕ್ಕಿರಲಿಲ್ಲ.

ನಮ್ಮಲ್ಲಿ ಯಾವ ವಸ್ತುವೂ ಧರ್ಮತಂದೆಯೋ ಧರ್ಮತಾಯಿಯೋ ಇಲ್ಲದೆ ಕೆಲಸ ಶುರು ಮಾಡುವುದಿಲ್ಲ. ರಿಬ್ಬನ್ನಿನಲ್ಲಿ ಮದ್ಯದ ಬಾಟಲಿ ನೇತುಹಾಕಬೇಕು, ಅವರು ಪುಟ್ಟ ಸುತ್ತಿಗೆಯಿಂದ ಅದನ್ನು ಒಡೆಯಬೇಕು, ನೆರೆದವರು ಚಪ್ಪಾಳೆ ತಟ್ಟಬೇಕು, ಆಮೇಲೆ ವಸ್ತುವನ್ನು ಮೊದಲ ಸಲ ಬಳಸುವ ಹಕ್ಕೂ ಅವರದೇ. ಆಂಬುಲೆನ್ಸಿನ ಧರ್ಮತಂದೆ ಅದರೊಳಗೆ ಮಲಗಿ ಊರು ಒಂದು ಸುತ್ತು ಬರುತ್ತಾನೆ. ಗಾಜಿನ ಕೋಣೆಗೆ ಮೊದಲು ಪ್ರಾಂತ್ಯದ ಗವರ್ನರರನ್ನು ಕರೆದಿದ್ದರು, ಆ ವಾರವೇ ಅವರು ಜೈಲಿಗೆ ಹೋದರು. ಆಮೇಲೆ ಒಬ್ಬ ಫುಟ್‌ಬಾಲ್ ಆಟಗಾರನನ್ನು ಕರೆದರು, ಅವನು ಒಪ್ಪಿಕೊಂಡ, ಆದರೆ ಬರಲಿಲ್ಲ. ಅಷ್ಟರಲ್ಲಿ ಎರಡು ವರ್ಷ ಕಳೆಯಿತು.

ಈ ಕೋಣೆಯಲ್ಲಿ ಕೂತು ಮಕ್ಕಳನ್ನು ಮಾತಾಡಿಸಬೇಕಾದವಳು ನಿಲ್ದಾ ತಪಾರಾ. ಐದು ವರ್ಷ ಅದನ್ನೇ ಓದಿದವಳು, ಬೆಟ್ಟದ ಮೇಲಿನ ಊರಿನವಳು, ಕೆಚುವಾ ಭಾಷೆ ಬಲ್ಲವಳು. ಕೋಣೆ ತೆರೆಯದ ಕಾರಣ ಎರಡು ವರ್ಷದಿಂದ ಅವಳ ಕೆಲಸವೆಂದರೆ ಬೆಳಗ್ಗೆ ಹಾಜರಿ ಹಾಕಿ, ಆಟಿಕೆಗಳ ಧೂಳು ಒರೆಸಿ, ಸಂಜೆ ಹಾಜರಿ ಹಾಕುವುದು. ಬೆಟ್ಟದಲ್ಲಿ ಹೊರೆ ಹೊರುವ ನಿಜವಾದ ಲಾಮಾಗಳೂ ಸೇರಿ, ಅಲ್ಲಿದ್ದ ಬಟ್ಟೆಯ ಲಾಮಾಗಳಷ್ಟು ಶುಚಿಯಾದ ಲಾಮಾಗಳು ಇಡೀ ಸೀಮೆಯಲ್ಲಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಪೊಲೀಸರು ಗಣಿಗಾರರ ಬಿಡಾರದಲ್ಲಿದ್ದ 'ವಿಶ್ರಾಂತಿ' ಎಂಬ ಬಾರಿನಿಂದ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯನ್ನು ಬಿಡಿಸಿಕೊಂಡು ಬಂದರು. ಅಲ್ಲಿ ಅವಳಿಗೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ಅವಳೊಬ್ಬಳದು. ಬಾರಿಗೆ ಪೊಲೀಸರು ಕಾಗದದ ಮೊಹರು ಅಂಟಿಸಿದರು. ಅಂಟು ತರಲು ಮರೆತಿದ್ದರು, ಬಾರಿನ ಒಡತಿಯೇ ಕೊಟ್ಟಳು.

ಹುಡುಗಿಯ ಹೆಸರನ್ನೂ ಹೇಳುವಂತಿಲ್ಲ. ಬಾಧಿತ ಮಕ್ಕಳ ಹೆಸರನ್ನು ಗುಪ್ತವಾಗಿಡಬೇಕೆಂದು ಕಾನೂನು ಹೇಳುವುದರಿಂದ, ಕಚೇರಿಯವರು ಕಡತಗಳಿಗೆ ಆಲೂಗಡ್ಡೆ ತಳಿಗಳ ಹೆಸರಿಡುತ್ತಾರೆ. ಮೊದಲು ಹೂವಿನ ಹೆಸರಿಡುತ್ತಿದ್ದರಂತೆ, ಹೂವುಗಳು ಬೇಗ ಮುಗಿದುಹೋದವು. ಆಲೂಗಡ್ಡೆಯಾದರೆ ನಮ್ಮಲ್ಲಿ ಸಾವಿರಾರು ತಳಿಗಳಿವೆ, ಇನ್ನೂ ಬಹಳ ವರ್ಷ ಚಿಂತೆಯಿಲ್ಲ ಎಂದು ಕಡತ ವಿಭಾಗದವರು ಸಮಾಧಾನದಿಂದಿದ್ದರು. ಈ ಹುಡುಗಿಗೆ ವಾಯ್ರೊ ಎಂಬ ಹೆಸರು ಬಂತು. ಸಾರು ಮಾಡಲು ಹೇಳಿಮಾಡಿಸಿದ ತಳಿ ಅದು.

ವಾಯ್ರೊಳನ್ನು ಆಶ್ರಯಧಾಮದಲ್ಲಿ ಇರಿಸಿದ ದಿನವೇ ಕಚೇರಿಯಿಂದ ಎಲ್ಲ ಸಿಬ್ಬಂದಿಗೂ ಒಂದು ಸುತ್ತೋಲೆ ಬಂತು.

"ವಿಷಯ: ಆಕಸ್ಮಿಕ ಆಲಿಸುವಿಕೆಯನ್ನು ತಡೆಗಟ್ಟುವ ಕುರಿತು. ಬಾಧಿತ ಮಗುವನ್ನು ಒಂದು ಸಲ ಮಾತ್ರ ಆಲಿಸಬೇಕಾಗಿರುವುದರಿಂದ, ಮೊಗಸಾಲೆ, ಅಡುಗೆಮನೆ, ಬಟ್ಟೆ ಒಗೆಯುವ ಸ್ಥಳ ಮುಂತಾದೆಡೆ ಮಗುವು ಮಾತನಾಡತೊಡಗಿದಲ್ಲಿ ಹಾಜರಿರುವ ಸಿಬ್ಬಂದಿಯು ಕೂಡಲೇ ಕೇಳಿಸಿಕೊಳ್ಳುವುದನ್ನು ನಿಲ್ಲಿಸತಕ್ಕದ್ದು. ಈಗಾಗಲೇ ಕೇಳಿಸಿಕೊಂಡಿದ್ದಲ್ಲಿ ಅದನ್ನು ನಿಗದಿತ ನಮೂನೆಯಲ್ಲಿ ಮೂರು ಪ್ರತಿಗಳಲ್ಲಿ ವರದಿ ಮಾಡಿ, ತದನಂತರ ಮರೆಯತಕ್ಕದ್ದು."

ಕಾವಲುಗಾರರು ಕಿವಿಗೆ ಹತ್ತಿ ಇಟ್ಟುಕೊಂಡರು. ಎಲ್ಲರೂ ಮಾಮಾ, ಅಂದರೆ ಅಮ್ಮ, ಎಂದು ಕರೆಯುವ ಅಡುಗೆಯ ತೊಮಾಸಾ, ಹತ್ತಿ ಇಟ್ಟುಕೊಂಡರೆ ಕುಕ್ಕರಿನ ಸೀಟಿ ಕೇಳಿಸುವುದಿಲ್ಲವೆಂದು ರೇಡಿಯೊ ಹಚ್ಚಿಟ್ಟುಕೊಂಡಳು. ಬುಧವಾರ ವಾಯ್ರೊ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಮಾಮಾ, ಇವತ್ತು ಯಾವ ವಾರ?"

"ಬುಧವಾರ. ಅಷ್ಟು ಕೇಳ್ಬಹುದು. ಅದಕ್ಕಿಂತ ಮುಂದೆ ಹೋಗ್ಬೇಡ ಮಗಳೇ, ನನ್ನ ಕೆಲ್ಸ ಹೋಗುತ್ತೆ."

"ಭಾನುವಾರಕ್ಕೆ ಎಷ್ಟು ದಿನ ಇದೆ?"

"ನಾಲ್ಕು. ಯಾಕೆ, ಭಾನುವಾರ ಏನು?" ಎಂದು ಬಾಯಿತಪ್ಪಿ ಕೇಳಿದ ತೊಮಾಸಾ, ಹುಡುಗಿ ಬಾಯಿ ತೆರೆಯುವುದರೊಳಗೆ ರೇಡಿಯೊದ ಕಿವಿ ಹಿಂಡಿದಳು. "ಇಲ್ಲ ಇಲ್ಲ, ನಾನು ಕೇಳ್ಲಿಲ್ಲ. ತಗೋ, ಕೀನ್ವಾ ಗಂಜಿ. ಸಕ್ಕರೆ ಜಾಸ್ತಿ ಹಾಕಿದೀನಿ. ಕುಡಿ, ಕುಡೀತಾ ಮಾತಾಡ್ಬಾರ್ದು."

ಆ ಗಂಜಿಯಲ್ಲಿ ಸಕ್ಕರೆ ನಿಜಕ್ಕೂ ಜಾಸ್ತಿ ಇತ್ತು. ತೊಮಾಸಾ ಕೆಟ್ಟವಳಲ್ಲ. ಆ ಊರಿನಲ್ಲಿ ಕೆಟ್ಟವರೆಂದು ಬೆರಳು ಮಾಡಿ ತೋರಿಸಬಹುದಾದವರು ಬಹಳ ಕಡಿಮೆ, ಅದೇ ಅಲ್ಲಿನ ಕಷ್ಟ.

ಗುರುವಾರ ನಿಲ್ದಾ ಬಟ್ಟೆಯ ಲಾಮಾಗಳನ್ನು ಒಗೆಯಲು ಆಶ್ರಯಧಾಮದ ನಲ್ಲಿಯ ಹತ್ತಿರ ಹೋದಳು. ವಾಯ್ರೊ ಅಲ್ಲಿ ಕಾಯುತ್ತಿದ್ದಳು. ಇವಳು ಕೈಯೆತ್ತಿ ತಡೆಯುವ ಮೊದಲೇ, ಎರಡು ದಿನ ಮನಸ್ಸಿನಲ್ಲೇ ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಕೆಚುವಾದಲ್ಲಿ ಹೇಳಿಬಿಟ್ಟಳು.

"ಅಕ್ಕಾ, ನನ್ನ ತಂಗಿ ರುಫಿನಾ, ಹನ್ನೆರಡು ವರ್ಷ, ಭಾನುವಾರ ಬೆಟ್ಟದ ಬಸ್ಸಲ್ಲಿ ಬರ್ತಾಳೆ, ಸ್ಕೂಲಿಗೆ ಸೇರಿಸ್ತೀನಿ ಅಂತ ನಮ್ಮ ಧರ್ಮತಾಯಿ ನಮ್ಮವ್ವನ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಂಡಿದಾಳೆ, ನನ್ನನ್ನೂ ಹಿಂಗೇ ಕರ್ಕೊಂಡು ಬಂದಿದ್ದು. ಅವಳನ್ನ ತಡೀರಿ."

ನಿಲ್ದಾಳ ಕಿವಿ ತೆರೆದೇ ಇತ್ತು. ಅವಳಿಗೆ ಎಲ್ಲವೂ ಕೇಳಿಸಿತು. ಅವಳು ಒದ್ದೆ ಕೈಯಲ್ಲೇ ನಮೂನೆ ತುಂಬಿ, ಮೂರು ಪ್ರತಿ ಮಾಡಿ, ಪ್ರಾಸಿಕ್ಯೂಟರ್ ಸಲ್ದಿವಾರ್ ಅವರ ಮುಂದೆ ನಿಂತಳು. ನಮ್ಮಲ್ಲಿ ಡಿಗ್ರಿ ಇದ್ದವರೆಲ್ಲರೂ ಡಾಕ್ಟರೇ ಆದ್ದರಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಿದ್ದರು.

"ಎಷ್ಟು ಕೇಳಿಸ್ತು ಡಾಕ್ಟ್ರೇ?" ಎಂದರು ಸಲ್ದಿವಾರ್.

"ಪೂರ್ತಿ."

"ಛೆ, ಪಾಪ ಹುಡುಗಿ," ಎಂದು ಅವರು ನಿಜವಾಗಿಯೂ ನೊಂದುಕೊಂಡರು. "ಅವಳಿಗೆ ಇರೋದೇ ಒಂದು ಸಲ. ಅದನ್ನ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಖರ್ಚು ಮಾಡ್ಸಿದ್ರಲ್ಲ."

"ನಾನು ಕೇಳಿಲ್ಲ ಡಾಕ್ಟ್ರೇ. ಅವಳೇ ಹೇಳಿದ್ಳು."

"ಹಾಗಾದ್ರೆ ಆಕಸ್ಮಿಕ ಅಂತ ಬರೀರಿ. ಆಕಸ್ಮಿಕವಾಗಿ ಕೇಳಿದ್ದಕ್ಕೆ ಬೆಲೆ ಇಲ್ಲ, ಅವಳ ಸರದಿ ಹಾಗೇ ಉಳಿಯುತ್ತೆ."

"ಬರೀತೀನಿ. ಭಾನುವಾರ ಬಸ್ ಸ್ಟ್ಯಾಂಡಿಗೆ ಪೊಲೀಸರನ್ನ ಕಳಿಸ್ತೀರಾ?"

"ಯಾವ ಆಧಾರದ ಮೇಲೆ?"

"ಅವಳು ಹೇಳಿದ್ದರ ಮೇಲೆ."

"ಅದಕ್ಕೆ ಬೆಲೆ ಇಲ್ಲ ಅಂತ ಈಗ ತಾನೇ ಇಬ್ರೂ ಒಪ್ಕೊಂಡ್ವಲ್ಲ." ಸಲ್ದಿವಾರ್ ಕನ್ನಡಕ ತೆಗೆದು ಒರೆಸಿದರು. "ಅವಳು ಗಾಜಿನ ಕೋಣೇಲಿ ಹೇಳ್ಲಿ. ಆ ಕ್ಷಣವೇ ಆದೇಶಕ್ಕೆ ಸಹಿ ಹಾಕ್ತೀನಿ."

"ಹಾಗಿದ್ರೆ ಇವತ್ತೇ ಕೋಣೆ ತೆಗೀರಿ."

"ಧರ್ಮತಾಯಿ ಇಲ್ದೆ?" ಎಂದು ಅವರು ಅವಳನ್ನು ವಿಚಿತ್ರವಾಗಿ ನೋಡಿದರು. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಮುಖ ಅರಳಿತು. "ಶನಿವಾರಕ್ಕೆ ಒಬ್ರು ಸಿಗ್ತಾರೆ. ದೊನ್ಯಾ ಹೆರ್ಮೆಲಿಂದಾ. ಯಾವತ್ತೂ ಇಲ್ಲ ಅಂದೋರಲ್ಲ."

ಊರೆಲ್ಲ ದೊನ್ಯಾ, ಅಂದರೆ ಅಮ್ಮಾವ್ರು, ಎಂದು ಗೌರವದಿಂದ ಕರೆಯುವ ಹೆರ್ಮೆಲಿಂದಾ 'ವಿಶ್ರಾಂತಿ' ಬಾರಿನ ಒಡತಿ, ಪೊಲೀಸರಿಗೆ ಅಂಟು ಕೊಟ್ಟವಳು. ಠಾಣೆಯ ಮೋಟರ್ ಸೈಕಲ್ಲಿಗೆ, ನ್ಯಾಯಾಲಯದ ಜೆರಾಕ್ಸ್ ಯಂತ್ರಕ್ಕೆ, ಆಸ್ಪತ್ರೆಯ ರಕ್ತದೊತ್ತಡ ನೋಡುವ ಉಪಕರಣಕ್ಕೆ, ಚರ್ಚಿನ ಧ್ವನಿವರ್ಧಕಕ್ಕೆ ಅವಳೇ ಧರ್ಮತಾಯಿ. ಸಲ್ದಿವಾರ್ ಅವರ ಮಗನಿಗೆ ಧರ್ಮತಾಯಿಯಾಗಿ ಮೊದಲ ಕೂದಲು ಕತ್ತರಿಸಿದವಳೂ ಅವಳೇ. ಇವಲ್ಲದೆ ಬೆಟ್ಟದ ಹಳ್ಳಿಗಳ ನಲವತ್ತೊಂದು ಹೆಣ್ಣುಮಕ್ಕಳಿಗೂ ಆಕೆ ಧರ್ಮತಾಯಿಯಾಗಿದ್ದಳು. ಆ ಮಕ್ಕಳನ್ನು ಒಬ್ಬೊಬ್ಬರಾಗಿ ಊರಿಗೆ ಕರೆತಂದಿದ್ದಳು.

"ಡಾಕ್ಟ್ರೇ, ಬಾರು ಅವಳದು. ಆರೋಪಿ ಅವಳೇ," ಎಂದಳು ನಿಲ್ದಾ.

"ಆ ಮಾತು ಆಡ್ಬೇಡಿ. ಆರೋಪಿ ಅನ್ನೋಕೆ ಯಾರಾದ್ರೂ ಆರೋಪ ಮಾಡಿರ್ಬೇಕು. ಮಾಡಬೇಕಾದ ಹುಡುಗಿ ಇನ್ನೂ ಮಾತಾಡಿಲ್ಲ."

"ಮಾತಾಡೋಕೆ ಬಿಟ್ಟಿಲ್ಲ."

"ಕೋಣೆ ತೆಗೀದೆ ಹೇಗೆ ಬಿಡೋದು? ಅದನ್ನ ತೆಗೆಯೋಕೆ ತಾನೇ ಪಾಪ ಆಯಮ್ಮ ಬರ್ತಿರೋದು. ನಿಮಗೆ ಭಾನುವಾರದ ಒಳಗೆ ಆಗ್ಬೇಕೋ ಬೇಡ್ವೋ?"

ನಿಲ್ದಾ ಈ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದಳು. ತಪ್ಪು ಎಲ್ಲೆಲ್ಲೂ ಇದ್ದದ್ದರಿಂದ ಹಿಡಿದು ತೋರಿಸುವುದು ಕಷ್ಟವಾಯಿತು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಸ್ಸಿನಿಂದ ಇಳಿಯುವುದು ಅವಳ ಕಣ್ಣ ಮುಂದೆ ಬಂತು. ಹೂಂ ಎಂದಳು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸಮಾರಂಭ. ಪಾದ್ರಿಗಳು ಬಂದು ಗಾಜಿನ ಎರಡೂ ಕಡೆಗೆ ತೀರ್ಥ ಚಿಮುಕಿಸಿದರು. ಪೊಲೀಸ್ ಬ್ಯಾಂಡು ನುಡಿಸಿತು. ದೊನ್ಯಾ ಹೆರ್ಮೆಲಿಂದಾ ಬಿಳಿ ರವಿಕೆ, ಹರಳಿನ ಬಾಚಣಿಗೆ, ಮೆಲುದನಿಯೊಂದಿಗೆ ಬಂದಳು. ಅವಳು ಗದರಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿಲ್ಲ. ಎಲ್ಲರನ್ನೂ 'ನನ್ನ ಬಂಗಾರ' ಎನ್ನುತ್ತಿದ್ದಳು. ಒಂದೇ ಏಟಿಗೆ ಬಾಟಲಿ ಒಡೆದು, ಸಣ್ಣದೊಂದು ಭಾಷಣ ಮಾಡಿದಳು.

"ಈ ಮಕ್ಕಳ ಕಷ್ಟ ನಂಗೆ ಗೊತ್ತಿರೋಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ಎಷ್ಟೋ ಮಕ್ಕಳು ನನ್ನ ಮನೇಲೇ ಇದ್ದೋರು. ಅವರ ಮಾತನ್ನ ಕೇಳೋಕೆ ಒಂದು ಜಾಗ ಬೇಕಿತ್ತು, ಅದು ನನ್ನ ಕೈಯಿಂದ ಆಯ್ತಲ್ಲ, ಅಷ್ಟು ಸಾಕು."

ಯಾರೂ ಕೆಮ್ಮಲಿಲ್ಲ. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಫೋಟೊ ಸರಿಯಾಗಿ ಬರಲೆಂದು ಅತಿಥಿಗಳು ಕೂರುವ ಕಡೆ ಎಂಟು ಟ್ಯೂಬ್‌ಲೈಟು ಹಾಕಿಸಿದ್ದರು. ಮಗು ಕೂರುವ ಕಡೆ, ಮನಸ್ಸಿಗೆ ಶಾಂತಿ ಸಿಗಲೆಂದು, ಒಂದು ಮಂಕು ಬಲ್ಬು. ಇಂಥ ಗಾಜಿನ ಗುಣವೇನೆಂದರೆ ಬೆಳಕು ಜಾಸ್ತಿ ಇರುವ ಕಡೆಯವರಿಗೆ ಅದು ಕನ್ನಡಿ, ಮಬ್ಬು ಇರುವ ಕಡೆಯವರಿಗೆ ಕಿಟಕಿ. ಹೀಗಾಗಿ ಗಣ್ಯರೆಲ್ಲರಿಗೂ ಗಾಜಿನಲ್ಲಿ ತಮ್ಮ ತಮ್ಮ ಮುಖ ಕಂಡಿತು. ಬಹಳ ಒಳ್ಳೆಯ ಗಾಜು ಎಂದು ಎಲ್ಲರೂ ಮೆಚ್ಚಿದರು. ನ್ಯಾಯಾಧೀಶರು ಟೈ ಸರಿಮಾಡಿಕೊಂಡರು. ಎದುರು ಪಕ್ಷದ ವಕೀಲರು ಹಲ್ಲಿನಲ್ಲಿ ಸಿಕ್ಕಿದ್ದ ಹುರಿದ ಹಂದಿಮಾಂಸದ ಚೂರನ್ನು ತೆಗೆದುಕೊಂಡರು.

ನಿಲ್ದಾ ಸಲ್ದಿವಾರ್ ಅವರ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದಳು. "ಡಾಕ್ಟ್ರೇ, ಈ ಕಡೆ ದೀಪ ಆರಿಸ್ಬೇಕು. ಇಲ್ದಿದ್ರೆ ಹುಡುಗಿಗೆ ನೀವೆಲ್ಲ ಕಾಣ್ತೀರಿ, ನಿಮಗೆ ಅವಳು ಕಾಣಲ್ಲ."

"ನ್ಯಾಯಾಧೀಶರನ್ನ ಕತ್ತಲಲ್ಲಿ ಕೂರಿಸೋಕಾಗುತ್ತಾ? ಅದೂ ಹೆಂಗಸರಿರೋ ಕಡೆ?"

"ಒಂದು ಸ್ವಿಚ್ಚು ಡಾಕ್ಟ್ರೇ."

"ಸ್ವಿಚ್ಚು ಒಂದೇ. ಆದ್ರೆ ಅದನ್ನ ಆರಿಸೋಕೆ ವಿದ್ಯುತ್ ವಿಭಾಗದ ಒಪ್ಪಿಗೆ ಬೇಕು, ಅವರಿಗೆ ಶನಿವಾರ ರಜೆ. ಸೋಮವಾರಕ್ಕೆ ಹಾಕೋಣ್ವಾ?"

ಸೋಮವಾರ ಎಂದರೆ ಭಾನುವಾರದ ಮಾರನೆಯ ದಿನ. "ಬೇಡ," ಎಂದಳು ನಿಲ್ದಾ. "ಆ ಹೆಂಗಸನ್ನಾದ್ರೂ ಹೊರಗೆ ಕಳ್ಸಿ."

"ಮೊದಲ ಬಳಕೆ ಧರ್ಮತಾಯಿ ಹಕ್ಕು. ಹೊರಗೆ ಕಳ್ಸಿದ್ರೆ ಉದ್ಘಾಟನೆ ಆದ ಹಾಗೇ ಅಲ್ಲ. ಉದ್ಘಾಟನೆ ಆಗ್ದಿರೋ ಕೋಣೇಲಿ ಕೊಟ್ಟ ಹೇಳಿಕೆ ನಿಲ್ಲಲ್ಲ, ನಿಮಗೇ ಗೊತ್ತು."

ಹುಡುಗಿಯನ್ನು ಒಳಗೆ ಕರೆತಂದರು. ತೊಮಾಸಾ ಅವಳಿಗೆ ಬಿಗಿಯಾಗಿ ಜಡೆ ಹೆಣೆದು ಕಳಿಸಿದ್ದಳು. ವಾಯ್ರೊ ಕುರ್ಚಿಯ ಪ್ಲಾಸ್ಟಿಕ್ಕಿನ ಮೇಲೆ ಕೂತಳು, ತಲೆಯೆತ್ತಿದಳು. ಕಿಟಕಿಯಾಚೆ ಎಂಟು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮುಂದಿನ ಸಾಲಿನ ನಡುವೆ ದೊನ್ಯಾ ಹೆರ್ಮೆಲಿಂದಾ ಕೂತು, ನೇರ ಇವಳ ಕಡೆ ನೋಡುತ್ತಾ, ತುಟಿಯ ಬಣ್ಣ ತೀಡಿಕೊಳ್ಳುತ್ತಿದ್ದಳು.

ನಿಲ್ದಾ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ನಿಲ್ದಾಳಿಗೆ ಅಳು ಬಂತು, ಸಿಟ್ಟೂ ಬಂತು. ಆದರೂ ಕೈಯಲ್ಲಿದ್ದ ಪ್ರಶ್ನಾವಳಿಯ ಪ್ರಕಾರವೇ ಹೋಗಬೇಕಾಗಿತ್ತು.

"ಇಲ್ಲಿ ನಿನಗೆ ಯಾರೂ ಕಾಣಲ್ಲ, ಗೊತ್ತಲ್ವಾ?" ಇದು ಮುದ್ರಿತ ಮೊದಲ ಪ್ರಶ್ನೆ.

"ಕಾಣ್ತಾರೆ," ಎಂದಳು ವಾಯ್ರೊ.

"ನಿಜ ಅಂದ್ರೇನು, ಸುಳ್ಳು ಅಂದ್ರೇನು ಗೊತ್ತಾ?"

"ನೀವೀಗ ಹೇಳಿದ್ದು ಸುಳ್ಳು."

"ಹೌದು," ಎಂದಳು ನಿಲ್ದಾ. ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು. "ನಿನ್ನನ್ನ ಬೆಟ್ಟದಿಂದ ಇಲ್ಲಿಗೆ ಕರ್ಕೊಂಡು ಬಂದೋರು ಯಾರು ಪುಟ್ಟಾ?"

ಆಮೇಲೆ ಆ ಹುಡುಗಿ ಮಾಡಿದ ಕೆಲಸವನ್ನು ನಾನಾಗಿದ್ದರೆ ಮಾಡುತ್ತಿರಲಿಲ್ಲ, ಓದುತ್ತಿರುವ ನೀವೂ ಮಾಡುತ್ತಿರಲಿಲ್ಲ. ಅವಳು ಎದ್ದು ಗಾಜಿನ ಹತ್ತಿರ ಹೋಗಿ, ದೊನ್ಯಾ ಹೆರ್ಮೆಲಿಂದಾಳ ಮುಖದ ಮೇಲೆ ಸರಿಯಾಗಿ ಬೆರಳಿಟ್ಟಳು.

"ಇವಳು. ನಾಳೆ ನನ್ನ ತಂಗೀನ ಕರೆಸ್ಕೊಳ್ಳೋಳೂ ಇವಳೇ. ನಾಳೆ, ಬೆಟ್ಟದ ಬಸ್ಸು. ರುಫಿನಾ."

ಧ್ವನಿಯ ಉಪಕರಣ ಚೆನ್ನಾಗಿ ಕೆಲಸ ಮಾಡಿತು. ಆ ಕಡೆಯವರಿಗೆ ಪ್ರತಿ ಅಕ್ಷರವೂ ಕೇಳಿಸಿತು. ನ್ಯಾಯಾಧೀಶರು ಬರೆಸಿದ ನಡವಳಿಯ ಆ ಭಾಗ ಹೀಗಿದೆ: "ಮಗುವು 'ಇವಳು' ಎಂದಿತು. ತತ್ಸಮಯದಲ್ಲಿ ಹಾಜರಿದ್ದ ಪ್ರತಿಯೊಬ್ಬರಿಗೂ ಗಾಜಿನಲ್ಲಿ ತಮ್ಮ ಸ್ವಂತ ಮುಖ ಮಾತ್ರ ಕಂಡುಬಂದಿದ್ದು, ಮಗುವು ಯಾರನ್ನು ತೋರಿಸಿತೆಂಬುದು ತಿಳಿದುಬರಲಿಲ್ಲ. ಹಾಜರಿದ್ದವರಲ್ಲಿ ಯಾರೂ ತಮ್ಮನ್ನು ತಾವು ಗುರುತಿಸಲಿಲ್ಲ."

ನಿಲ್ದಾ ಬಾಗಿಲು ತಳ್ಳಿಕೊಂಡು ಆ ಕಡೆಗೆ ಹೋದಳು. "ನಾನು ನೋಡಿದ್ದೀನಿ. ಈ ಹೆಂಗಸನ್ನೇ ತೋರಿಸಿದ್ದು."

"ಡಾಕ್ಟ್ರೇ, ಮಗು ಬಾಯಲ್ಲಿ ನೀವು ಮಾತು ತುರುಕೋ ಹಾಗಿಲ್ಲ," ಎಂದರು ಎದುರು ಪಕ್ಷದ ವಕೀಲರು, ಬಹಳ ವಿನಯದಿಂದ.

"ಹಾಗಾದ್ರೆ ಇನ್ನೊಂದ್ಸಲ ಕೇಳಿ. ಹೆಸರು ಹೇಳಿಸಿ."

ಎಲ್ಲರೂ ಬೆಚ್ಚಿಬಿದ್ದರು. ಸಲ್ದಿವಾರ್ ಅವರಿಗೂ ಬೇಸರವಾಯಿತು. "ಎರಡನೇ ಸಲಾನಾ? ಆ ಮಗು ಮನಸ್ಸಿಗೆ ಎಷ್ಟು ನೋವಾಗುತ್ತೆ ಅಂತ ನಿಮಗೆ ನಾನು ಹೇಳಿಕೊಡ್ಬೇಕಾ?"

"ಸರಿ. ತಂಗಿ ವಿಷಯ? ತಂಗಿ ಹೆಸರು ಹೇಳಿದ್ಳು, ದಿನ ಹೇಳಿದ್ಳು, ಬಸ್ಸು ಹೇಳಿದ್ಳು. ಆದೇಶಕ್ಕೆ ಸಹಿ ಹಾಕ್ತೀನಿ ಅಂದಿದ್ರಿ."

ಸಲ್ದಿವಾರ್ ಕಾನೂನಿನ ಪುಸ್ತಕ ತೆಗೆದು, ಅವಳಿಗೆ ಕಾಣುವ ಹಾಗೆ ತಿರುಗಿಸಿ ಹಿಡಿದರು. "ನೋಡಿ ಇಲ್ಲಿ. ಬಾಧಿತ ಅಪ್ರಾಪ್ತರ ರಕ್ಷಣೆ. ಬಾಧಿತ ಅಂತಿದೆ. ಆ ಹುಡುಗಿ ಇನ್ನೂ ಬಾಧಿತಳಲ್ಲ. ಆದ ತಕ್ಷಣ ಬನ್ನಿ, ಒಂದು ದಿನ ತಡ ಮಾಡಲ್ಲ. ಈಗ ಕೋಣೇನೂ ಇದೆ."

ದೊನ್ಯಾ ಹೆರ್ಮೆಲಿಂದಾ ಎದ್ದು ಬಂದು ನಿಲ್ದಾಳ ಭುಜ ಸವರಿದಳು. "ಸುಸ್ತಾಗಿದೀಯ ನನ್ನ ಬಂಗಾರ. ಕೇಕ್ ತಿನ್ನು," ಎಂದಳು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಬೆಟ್ಟದ ಬಸ್ಸು ಬಂತು. ಮೈಯೆಲ್ಲ ಕೆಸರು, ಮೇಲೆ ಚೀಲ, ಕೋಳಿ ಪಂಜರ. ನಿಲ್ದಾ ಒಂಬತ್ತಕ್ಕೇ ಬಂದು ನಿಂತಿದ್ದಳು. ಮುಂದಿನ ಬಾಗಿಲಿನಿಂದ ಅಗಲ ಅಂಚಿನ ಟೋಪಿಯ ಒಬ್ಬ ಪುಟ್ಟ ಹುಡುಗಿ ಇಳಿದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ನೀರಿನ ಬಾಟಲಿ. ಮುಖ ಅಕ್ಕನ ಅಚ್ಚು. ಅವಳನ್ನು ಇಳಿಸಿಕೊಳ್ಳಲು ದೊನ್ಯಾ ಹೆರ್ಮೆಲಿಂದಾ ಕೊಡೆ ಹಿಡಿದು ನಿಂತಿದ್ದಳು.

ಬಸ್ ಸ್ಟ್ಯಾಂಡಿನ ಹವಾಲ್ದಾರ್ ಪರೆದೆಸ್ ತನ್ನ ಕರ್ತವ್ಯದಲ್ಲಿ ಒಂದಿಷ್ಟೂ ಲೋಪ ಮಾಡದವನು. ಮಕ್ಕಳ ಸಾಗಾಟ ತಡೆಯಲು ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ ಅವನು ಹುಡುಗಿಯನ್ನು ನಿಲ್ಲಿಸಿ, ಪ್ರಯಾಣದ ಒಪ್ಪಿಗೆ ಪತ್ರ ಕೇಳಿದ. ಹೆರ್ಮೆಲಿಂದಾ ಕೊಟ್ಟಳು. ನೋಟರಿಯ ಸಹಿ, ತಾಯಿಯ ಹೆಬ್ಬೆಟ್ಟು, ಐದು ಮೊಹರು, ಅದರಲ್ಲಿ ಒಂದು ಉಬ್ಬು ಮೊಹರು.

"ಇಂಥ ಕಾಗದ ನೋಡಿ ಎಷ್ಟು ದಿನ ಆಯ್ತು," ಎಂದ ಪರೆದೆಸ್, ಸಂತೋಷದಿಂದ. "ಹೋಗ್ಬನ್ನಿ ದೊನ್ಯಾ."

ನಿಲ್ದಾ ಹುಡುಗಿಯ ಕೈ ಹಿಡಿದಳು. "ಇವಳು ನನ್ನ ಜೊತೆ ಬರ್ತಾಳೆ."

"ನಿಮ್ಮ ಹತ್ರ ಕಾಗದ ಇದೆಯಾ ಡಾಕ್ಟ್ರೇ?"

"ಇಲ್ಲ. ಆದ್ರೆ ಈ ಹೆಂಗಸು ಏನು ಮಾಡ್ತಾಳೆ ಅಂತ ನಿನಗೂ ಗೊತ್ತು, ನನಗೂ ಗೊತ್ತು."

"ಗೊತ್ತಿರೋದು ಬೇರೆ, ಕಾಗದ ಬೇರೆ. ಕಾಗದ ಇಲ್ದೆ ಮಗೂನ ಎಳ್ಕೊಂಡು ಹೋಗೋದಕ್ಕೇ ಸಾಗಾಟ ಅನ್ನೋದು. ಕೈ ಬಿಡಿ, ನಿಮ್ಮ ಮೇಲೆ ಕೇಸು ಹಾಕೋ ಹಾಗೆ ಮಾಡ್ಬೇಡಿ."

ಆಗ ನಿಲ್ದಾಳಿಗೆ ಸರ್ಕಾರಿ ನೌಕರಿಯಲ್ಲಿ ಮೊದಲ ಸಲ ಒಂದು ವಿಚಾರ ಹೊಳೆಯಿತು. "ಒಂದು ವೇಳೆ ಕಾಗದ ಇರ್ದಿದ್ರೆ?" ಎಂದು ಕೇಳಿದಳು.

"ಇರ್ದಿದ್ರೆ ನೇರ ಆಶ್ರಯಧಾಮ. ಅದ್ರಲ್ಲಿ ಎರಡು ಮಾತಿಲ್ಲ. ರಾಷ್ಟ್ರಪತಿ ಮಗಳಾದ್ರೂ ಅಷ್ಟೇ."

"ಎಲ್ಲಿ, ಆ ಉಬ್ಬು ಮೊಹರು ಒಂದ್ಸಲ ನೋಡ್ತೀನಿ."

ಪರೆದೆಸ್ ಹೆಮ್ಮೆಯಿಂದ ಕೊಟ್ಟ. ನಿಲ್ದಾ ಕಾಗದವನ್ನು ಉದ್ದಕ್ಕೆ ಹರಿದಳು, ಅಡ್ಡಕ್ಕೆ ಹರಿದಳು. ಹರಿದ ಕಾಗದವನ್ನು ಕಚೇರಿಗಳು ಟೇಪು ಹಚ್ಚಿ ಬದುಕಿಸಿಕೊಳ್ಳುತ್ತವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಸಹಿ, ಹೆಬ್ಬೆಟ್ಟು, ಮೊಹರು ಇದ್ದ ತುಂಡುಗಳನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ಉಬ್ಬು ಮೊಹರು ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ರುಫಿನಾ ಇವಳನ್ನೇ ನೋಡುತ್ತಿದ್ದವಳು, ಏನೂ ಕೇಳದೆ ತನ್ನ ಬಾಟಲಿಯ ಮುಚ್ಚಳ ತಿರುಗಿಸಿ ಕೊಟ್ಟಳು. ನಿಲ್ದಾ ನೀರು ಕುಡಿದು ನುಂಗಿದಳು.

ಹವಾಲ್ದಾರ್ ಪರೆದೆಸ್ ತನ್ನ ದಾಖಲೆ ಪುಸ್ತಕ ತೆರೆದ. ಆಮೇಲೆ ಹುಡುಗಿಯ ಕಡೆ ತಿರುಗಿ, "ಮಗಳೇ, ನಿನ್ನ ಹತ್ರ ಕಾಗದ ಇದೆಯಾ?" ಎಂದ. ಇಲ್ಲ ಎಂದು ಅವಳು ತಲೆಯಾಡಿಸಿದಳು. "ಹಾಗಾದ್ರೆ ಆಶ್ರಯಧಾಮ," ಎಂದು ಬರೆದುಕೊಂಡ. ಹೆರ್ಮೆಲಿಂದಾಳಿಗೂ ಅದು ಸರಿಯೆಂದೇ ಕಂಡಿತು. "ನಿಯಮ ಅಂದ್ರೆ ನಿಯಮ. ನೋಟರಿ ಹತ್ರ ಇನ್ನೊಂದು ಪ್ರತಿ ತಗೊಂಡು ಬರ್ತೀನಿ, ನನ್ನ ಬಂಗಾರ," ಎಂದು ರುಫಿನಾಳ ಕೆನ್ನೆ ತಟ್ಟಿ, ಕೊಡೆ ಮಡಚಿಕೊಂಡು ಹೋದಳು.

ನಿಲ್ದಾ ತಪಾರಾಳ ಮೇಲೆ ಸಾರ್ವಜನಿಕ ದಾಖಲೆಯನ್ನು ನಾಶಪಡಿಸಿದ, ಅದರಲ್ಲೂ ಭಕ್ಷಿಸಿದ, ಆಪಾದನೆ ದಾಖಲಾಯಿತು. ಅವಳು ಅಪ್ರಾಪ್ತಳಲ್ಲವಾದ್ದರಿಂದ ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಈವರೆಗೆ ಹನ್ನೊಂದು ಸಲ ಕೇಳಿದ್ದಾರೆ. ಪೊಲೀಸರು, ಪ್ರಾಸಿಕ್ಯೂಟರ್, ನ್ಯಾಯಾಧೀಶರು ಎಲ್ಲರೂ ಅವಳ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಗಮನವಿಟ್ಟು ಕೇಳಿದರು. ಯಾರ ಕಿವಿಯಲ್ಲೂ ಹತ್ತಿ ಇರಲಿಲ್ಲ. ಐದು ವರ್ಷದವರೆಗೆ ಶಿಕ್ಷೆಯಾಗಬಹುದೆಂದು ಸಲ್ದಿವಾರ್ ಹೇಳಿದರು. "ಓದಿದೋರು ಹೀಗೆ ಮಾಡ್ಬಾರ್ದಿತ್ತು ಡಾಕ್ಟ್ರೇ," ಎಂದು ಮರುಗಿ, ತಮ್ಮ ಕಾರಿನಲ್ಲೇ ಅವಳನ್ನು ಮನೆಗೆ ಬಿಟ್ಟರು. ಗಾಜಿನ ಕೋಣೆ ತೆರೆದದ್ದಕ್ಕೆ ಕಚೇರಿಗೆ ರಾಜಧಾನಿ ಲೀಮಾದಿಂದ ಪ್ರಶಂಸಾಪತ್ರ ಬಂದಿದೆ, ಅದನ್ನು ಕಟ್ಟು ಹಾಕಿಸಿದ್ದಾರೆ.

ಅಕ್ಕತಂಗಿಯರು ಈಗ ಆಶ್ರಯಧಾಮದಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ಎರಡು ಹಾಸಿಗೆ ಕೊಟ್ಟರೂ ಒಂದರಲ್ಲೇ ಮಲಗುತ್ತಾರೆ ಎಂದು ತೊಮಾಸಾ ದೂರುವ ಹಾಗೆ ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ. ಊರಿನ ಏಕೈಕ ನೋಟರಿ ಮೂಲವ್ಯಾಧಿಯ ಶಸ್ತ್ರಚಿಕಿತ್ಸೆಗೆಂದು ಲೀಮಾಕ್ಕೆ ಹೋಗಿದ್ದಾನೆ, ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಬರುತ್ತಾನೆ. ಅವನ ಮೊದಲ ಟೋಕನ್ ದೊನ್ಯಾ ಹೆರ್ಮೆಲಿಂದಾ ಪಡೆದಿದ್ದಾಳೆ. ನಿಲ್ದಾ ದಿನಾ ಬೆಳಗ್ಗೆ ಎಂಟಕ್ಕೆ ನೋಟರಿಯ ಕಚೇರಿಯವರೆಗೆ ನಡೆದು, ಬಾಗಿಲಿಗೆ ಬೀಗ ಇರುವುದನ್ನು ಕಣ್ಣಾರೆ ಕಂಡು ಬರುತ್ತಾಳೆ. ಆ ಬೀಗ ಇರುವವರೆಗೆ ರುಫಿನಾಳಿಗೆ ಕಾನೂನಿನ ಸಂಪೂರ್ಣ ರಕ್ಷಣೆ ಇದೆ.